ವಿಸ್ಮಯವೆಂಬ ಅತಿಚಾರ

ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದಾದ ಪರಿಗ್ರಹ ಪರಿಮಾಣ ವ್ರತವು ಹೊರನೋಟಕ್ಕೆ ಸುಲಭವೆಂದು ತೋರುತ್ತದೆ. ಅಹಿಂಸೆ ಮತ್ತು ಸತ್ಯಗಳ ಪಾಲನೆಗೆ ಪ್ರತಿಕ್ಷಣದ ಎಚ್ಚರಿಕೆ ಬೇಕು. ಪರಿಗ್ರಹದ ವಿಷಯದಲ್ಲಾದರೋ ಇಷ್ಟು ಭೂಮಿ, ಇಷ್ಟು ಮನೆ, ಇಷ್ಟು ಬಂಗಾರ ಸಾಕೆಂದು ಒಮ್ಮೆ ಗೆರೆ ಎಳೆದುಕೊಂಡರೆ ವ್ರತ ಸಂದಿತೆಂದು ಅನೇಕರು ಭಾವಿಸುತ್ತಾರೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಈ ವ್ರತಕ್ಕೆ ಹೇಳಿರುವ ಅತಿಚಾರಗಳು ಈ ಭಾವನೆಗೆ ಒಂದಿಷ್ಟು ಎಡೆಗೊಡುತ್ತವೆ. ಅವೆಲ್ಲವೂ ಹೊಲ-ಮನೆ, ಬೆಳ್ಳಿ-ಬಂಗಾರ, ಧನ-ಧಾನ್ಯ ಮೊದಲಾದವುಗಳ ಪ್ರಮಾಣವನ್ನು ಮೀರುವುದನ್ನು ಕುರಿತವು; ಅಳೆದು ತೂಗಿ ಎಣಿಸಬಹುದಾದವು. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಬೇರೆಯೇ ಐದನ್ನು ಹೆಸರಿಸುತ್ತಾರೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ ಮತ್ತು ಅತಿಭಾರವಹನ. ಇವುಗಳಲ್ಲಿ ನಾಲ್ಕರ ಔಚಿತ್ಯ ಯಾರಿಗೂ ಕೂಡಲೇ ತಿಳಿಯುತ್ತದೆ. ದನಗಳನ್ನು ಶಕ್ತಿಮೀರಿ ನಡೆಸುವುದು, ಅವುಗಳ ಮೇಲೆ ಹೆಚ್ಚು ಭಾರ ಹೇರುವುದು, ಮುಂದಿನ ಲಾಭದ ಆಸೆಯಿಂದ ಸರಕನ್ನು ಕೂಡಿಡುವುದು, ದೊರೆತ ಲಾಭ ಸಾಲದೆನ್ನುವುದು, ಇವು ದೋಷಗಳೆಂಬುದರಲ್ಲಿ ಸಂದೇಹವಿಲ್ಲ. ಮೂರನೆಯದು ಮಾತ್ರ ಓದುಗನನ್ನು ತಡೆದು ನಿಲ್ಲಿಸುತ್ತದೆ. ಬೆರಗಾಗುವುದು ದೋಷವಾಗುವುದು ಹೇಗೆ?

ವ್ಯಾಖ್ಯಾನಕಾರರು ಇದಕ್ಕೆ ಎರಡು ಬಗೆಯಲ್ಲಿ ಅರ್ಥ ಹೇಳುತ್ತಾರೆ. ಪರರ ಸಂಪತ್ತನ್ನು ಕಂಡು ಬಾಯಿ ತೆರೆದು ನಿಲ್ಲುವುದು ಒಂದು. ತಾನು ಒಪ್ಪಿದ ಲಾಭಕ್ಕೆ ಸರಕನ್ನು ಮಾರಿದ ಮೇಲೆ, ಅಥವಾ ತಾನು ಕೊಳ್ಳದೆ ಬಿಟ್ಟ ಮೇಲೆ, ಅದೇ ಸರಕಿನಿಂದ ಇನ್ನೊಬ್ಬನಿಗೆ ಹೆಚ್ಚಿನ ಹಣ ಬಂದುದನ್ನು ಕೇಳಿ ಹಳಹಳಿಸುವುದು ಇನ್ನೊಂದು. ಎರಡರಲ್ಲಿಯೂ ಕೈಗೆ ಒಂದು ಕಾಸೂ ಬಂದಿರುವುದಿಲ್ಲ, ಗೆರೆ ಮೀರಿ ಒಂದು ಗುಲಗಂಜಿಯೂ ಮನೆ ಸೇರಿರುವುದಿಲ್ಲ. ಆದರೂ ವ್ರತಕ್ಕೆ ಭಂಗ ಬಂದಿದೆಯೆಂದು ಆಚಾರ್ಯರು ತೀರ್ಪು ಕೊಡುತ್ತಾರೆ. ಈ ಮಾತಿನ ಆಳವನ್ನು ತಿಳಿಯಲು ಇಂದು ಧಾನ್ಯದ ಪೇಟೆಗಿಂತ ಒಳ್ಳೆಯ ನಿದರ್ಶನವೊಂದು ದೊರೆಯುತ್ತದೆ. ಸಿನಿಮಾ ಮೊದಲಾದ ಮನರಂಜನೆಗಳ ನೆನಪಿನ ವಸ್ತುಗಳನ್ನು ಸಂಗ್ರಹಿಸುವ ಹವ್ಯಾಸ, ಮತ್ತು ಆ ಹವ್ಯಾಸವನ್ನು ಕೊಂಡಾಡುವ ದೂರದರ್ಶನ ಕಾರ್ಯಕ್ರಮಗಳೇ ಆ ನಿದರ್ಶನ.

1939ರಲ್ಲಿ ಅಮೆರಿಕದ ಎಂ.ಜಿ.ಎಂ. ಸಂಸ್ಥೆಯು 'ದಿ ವಿಝಾರ್ಡ್ ಆಫ್ ಆಝ್' ಎಂಬ ಚಿತ್ರವನ್ನು ತೆರೆಗೆ ತಂದಿತು. ಮೂಲಕಥೆಯಲ್ಲಿ ಬಾಲಿಕೆ ಡೊರೊಥಿಯ ಪಾದರಕ್ಷೆಗಳು ಬೆಳ್ಳಿಯವು. ಆಗ ಹೊಸದಾಗಿದ್ದ ಬಣ್ಣದ ಛಾಯಾಗ್ರಹಣದಲ್ಲಿ ಎದ್ದು ಕಾಣಲೆಂದು ಚಿತ್ರದಲ್ಲಿ ಅವನ್ನು ಮಾಣಿಕ್ಯದ ಕೆಂಪಿಗೆ ಬದಲಿಸಲಾಯಿತು. ಮಾಣಿಕ್ಯವೆಂಬುದು ಹೆಸರಿಗೆ ಮಾತ್ರ. ಸಾಮಾನ್ಯವಾದ ಜೋಡುಗಳ ಮೇಲೆ ಕೆಂಪು ಚಮಕಿಗಳನ್ನು ಹೊಲಿದು, ಮುಂದುಗಡೆ ಗಾಜಿನ ಹರಳುಗಳ ಗಂಟನ್ನು ಕೂಡಿಸಲಾಗಿತ್ತು. ಚಿತ್ರೀಕರಣಕ್ಕಾಗಿ ಇಂಥ ಹಲವು ಜೋಡಿಗಳು ಸಿದ್ಧವಾದವು. ಕೆಲಸ ಮುಗಿದ ಮೇಲೆ ಅವು ಉಗ್ರಾಣ ಸೇರಿದವು. 1970ರಲ್ಲಿ ಆ ಸಂಸ್ಥೆ ತನ್ನ ಹಳೆಯ ಉಡುಪು, ಪೀಠೋಪಕರಣಗಳನ್ನೆಲ್ಲ ವಿಲೇವಾರಿ ಮಾಡಿದಾಗ, ಹರಾಜಿನಲ್ಲಿ ಇಂಥ ಒಂದು ಜೋಡಿಗೆ 15,000 ಡಾಲರ್ ಬೆಲೆ ಬಂದಿತು. ಅಂದಿನ ವಿನಿಮಯ ದರದಲ್ಲಿ ಅದು ಒಂದು ಲಕ್ಷ ರೂಪಾಯಿಗಳಿಗಿಂತ ತುಸು ಹೆಚ್ಚು. ಮತ್ತೊಂದು ಜೋಡಿ ಸಂಗ್ರಾಹಕರೊಬ್ಬರ ಕೈಯಲ್ಲಿತ್ತು. ಡೊರೊಥಿಯ ಪಾತ್ರ ವಹಿಸಿದ ಜೂಡಿ ಗಾರ್ಲಂಡ್ ಹುಟ್ಟಿದ ಊರಾದ ಮಿನ್ನೆಸೋಟ ರಾಜ್ಯದ ಗ್ರಾಂಡ್ ರ‍್ಯಾಪಿಡ್ಸ್‌ನ ವಸ್ತುಸಂಗ್ರಹಾಲಯಕ್ಕೆ ಅದನ್ನು ಪ್ರದರ್ಶನಕ್ಕೆಂದು ಎರವಲು ಕೊಡಲಾಗಿತ್ತು. 2005ರ ಆಗಸ್ಟ್ ತಿಂಗಳ ಒಂದು ರಾತ್ರಿ ಅದು ಕಳವಾಯಿತು. 2018ರಲ್ಲಿ ಪತ್ತೆಯಾಯಿತು. 2024ರ ಡಿಸೆಂಬರ್ 7ರಂದು ಹರಾಜಾದಾಗ ಶುಲ್ಕವೂ ಸೇರಿ 3 ಕೋಟಿ 25 ಲಕ್ಷ ಡಾಲರ್, ಎಂದರೆ ಸುಮಾರು 275 ಕೋಟಿ ರೂಪಾಯಿ ಬೆಲೆ ಬಂದಿತು. ಅದನ್ನು ಮರಳಿ ಊರಿಗೆ ತರಲೆಂದು ಮಿನ್ನೆಸೋಟದ ಶಾಸನಸಭೆ ಮೀಸಲಿಟ್ಟಿದ್ದುದು ಒಂದು ಲಕ್ಷ ಡಾಲರ್.

ಈ ವೃತ್ತಾಂತದಲ್ಲಿ ವಿಚಾರ ಮಾಡತಕ್ಕವನು ಕೊಂಡವನಲ್ಲ, ಕದ್ದವನು. ನ್ಯಾಯಾಲಯದಲ್ಲಿ ಹೊರಬಿದ್ದ ಸಂಗತಿಗಳಂತೆ ಅವನು ಆ ಚಿತ್ರವನ್ನು ನೋಡಿಯೇ ಇರಲಿಲ್ಲ. ಹತ್ತು ಲಕ್ಷ ಡಾಲರ್ ವಿಮೆಯುಳ್ಳ ಪಾದರಕ್ಷೆಗಳಲ್ಲಿ ನಿಜವಾದ ಮಾಣಿಕ್ಯಗಳೇ ಇರಬೇಕೆಂದು ಅವನು ನಂಬಿದ್ದನು. ಕದ್ದ ಮಾಲು ಕೊಳ್ಳುವವನು ಇವು ಬರಿಯ ಗಾಜೆಂದು ಹೇಳಿದಾಗ ಎರಡು ದಿನ ಕಳೆಯುವುದರೊಳಗೆ ಅವನ್ನು ಕೈಬಿಟ್ಟನು. ಮುಪ್ಪಿನಲ್ಲಿ, ಮರಣಶಯ್ಯೆಗೆ ಸಮೀಪನಾಗಿ, 2023ರಲ್ಲಿ ಅವನು ತಪ್ಪೊಪ್ಪಿಕೊಂಡನು. ಕಳ್ಳತನವು ಪಾಪವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ವಸ್ತುವಿನ ಪರೀಕ್ಷೆಯಲ್ಲಿ ಅವನು ತಪ್ಪಿದನೆ? ಅವನು ಅದನ್ನು ದ್ರವ್ಯದೃಷ್ಟಿಯಿಂದ ನೋಡಿದನು. ಗಾಜೆಂದು ತಿಳಿದಾಗ ಗಾಜಿನ ಬೆಲೆಯನ್ನೇ ಕಟ್ಟಿದನು. ಲೋಕವು ಅದೇ ಗಾಜಿಗೆ 275 ಕೋಟಿ ಕಟ್ಟಿತು. ಈ ಎರಡು ಬೆಲೆಗಳ ನಡುವಣ ಅಂತರವು ಎಲ್ಲಿದೆಯೆಂದು ಹುಡುಕಿದರೆ ಅದು ಪಾದರಕ್ಷೆಯಲ್ಲಿ ಎಲ್ಲಿಯೂ ಸಿಕ್ಕುವುದಿಲ್ಲ. ಅದರ ಕಚ್ಚಾ ಸಾಮಗ್ರಿಯಲ್ಲಿಲ್ಲ, ಹೊಲಿದವರ ಕೂಲಿಯಲ್ಲಿಲ್ಲ, ತೊಡುವ ಉಪಯೋಗದಲ್ಲಿಯಂತೂ ಇಲ್ಲ. ಅದನ್ನು ಯಾರೂ ತೊಡುವಂತಿಲ್ಲ. ಆ ಅಂತರವೆಲ್ಲವೂ ಮನಸ್ಸಿನಲ್ಲಿದೆ. ಉಮಾಸ್ವಾಮಿಗಳು ಪರಿಗ್ರಹಕ್ಕೆ ಲಕ್ಷಣ ಹೇಳುವಾಗ ಯಾವ ವಸ್ತುವನ್ನೂ ಹೆಸರಿಸದೆ ಮೂರ್ಛೆಯೆಂಬ ಒಂದೇ ಶಬ್ದವನ್ನು ಬಳಸಿದುದರ ಅರ್ಥ ಇಲ್ಲಿ ಕಣ್ಣಿಗೆ ಕಾಣುವಂತಾಗುತ್ತದೆ.

ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಈ ಮೂರ್ಛೆಯನ್ನು ವಿವರಿಸುತ್ತ, ಹೊರಗಿನ ವಸ್ತುಗಳ ಮತ್ತು ಒಳಗಿನ ರಾಗಾದಿಗಳ ಸಂರಕ್ಷಣ, ಅರ್ಜನ, ಸಂಸ್ಕಾರಗಳಲ್ಲಿ ಬಿಡುವಿಲ್ಲದೆ ತೊಡಗಿರುವುದೇ ಮೂರ್ಛೆಯೆಂದು ತಿಳಿಸುತ್ತಾರೆ. ಸಂಗ್ರಾಹಕನ ದಿನಚರಿಯನ್ನು ಇದಕ್ಕಿಂತ ಕಡಿಮೆ ಮಾತುಗಳಲ್ಲಿ ಹೇಳಲಾಗದು. ಎಲ್ಲಿ ಸಿಕ್ಕೀತೆಂದು ಅರಸಿ ಸಂಪಾದಿಸುವುದು ಅರ್ಜನ. ಬೆಳಕು ತಗಲದಂತೆ, ಗಾಳಿಯ ತೇವ ಸೋಕದಂತೆ, ಕಳ್ಳರ ಕೈಗೆ ಸಿಕ್ಕದಂತೆ ಕಾಯುವುದು ಸಂರಕ್ಷಣ. ಬಣ್ಣ ಮಾಸಿದರೆ ತಜ್ಞರಿಂದ ಸರಿಪಡಿಸಿ, ಪ್ರಮಾಣಪತ್ರ ಮಾಡಿಸಿ, ಗಾಜಿನ ಪೆಟ್ಟಿಗೆಯಲ್ಲಿ ಒಪ್ಪವಾಗಿಡುವುದು ಸಂಸ್ಕಾರ. ಶಾಸ್ತ್ರದಲ್ಲಿ ಹೇಳಿರುವ ಹದಿನಾಲ್ಕು ಅಭ್ಯಂತರ ಪರಿಗ್ರಹಗಳಲ್ಲಿ ಮಿಥ್ಯಾತ್ವ ಮತ್ತು ನಾಲ್ಕು ಕಷಾಯಗಳೊಡನೆ ಹಾಸ್ಯ, ರತಿ ಮೊದಲಾದ ಒಂಬತ್ತು ನೋಕಷಾಯಗಳೂ ಇವೆಯೆಂಬುದನ್ನು ಇಲ್ಲಿ ನೆನೆಯಬೇಕು. ಮನರಂಜನೆಯು ಹಾಸ್ಯ-ರತಿಗಳನ್ನು ಕೆಲವು ಗಳಿಗೆ ಎಬ್ಬಿಸಿ ಅಡಗಿಸುತ್ತದೆ. ನೆನಪಿನ ವಸ್ತುವಾದರೋ ಅಡಗಿಹೋದ ಆ ರತಿಯನ್ನು ಗೂಟಕ್ಕೆ ಕಟ್ಟಿ ನಿಲ್ಲಿಸಿಕೊಳ್ಳುವ ಪ್ರಯತ್ನ. ಹೊರಗಿನ ಪಾದರಕ್ಷೆ ಬರಿಯ ಗೂಟ, ಕಟ್ಟಿಹಾಕಿಕೊಂಡಿರುವುದು ಒಳಗಿನದನ್ನು.

ಬಾಲ್ಯದಲ್ಲಿ ಕಂಡ ಒಂದು ಚಿತ್ರವನ್ನು ಮುಪ್ಪಿನಲ್ಲಿ ನೆನೆದು ಸಂತೋಷಿಸುವುದನ್ನು ಯಾರೂ ದೊಡ್ಡ ಅಪರಾಧವೆನ್ನಲಾರರು. ಆ ಸಂತೋಷಕ್ಕೆ ಪಾದರಕ್ಷೆ ಬೇಕಿಲ್ಲ. ಚಿತ್ರವು ಎಲ್ಲರಿಗೂ ದೊರೆಯುತ್ತದೆ. ಲಕ್ಷ ಜನ ನೋಡಿದರೂ ಒಬ್ಬರ ಪಾಲು ಇನ್ನೊಬ್ಬರಿಂದ ಕಡಿಮೆಯಾಗುವುದಿಲ್ಲ. ವಸ್ತುವಿನ ಸ್ವಭಾವ ಇದಕ್ಕೆ ವಿರುದ್ಧ. ಒಬ್ಬನ ಬಳಿ ಇರುವುದೆಂದರೆ ಉಳಿದವರ ಬಳಿ ಇಲ್ಲವೆಂದೇ ಅರ್ಥ, ಮತ್ತು ಆ ಇಲ್ಲದಿರುವಿಕೆಯೇ ಅದರ ಬೆಲೆ. 1941ರ 'ಸಿಟಿಜನ್ ಕೇನ್' ಎಂಬ ಪ್ರಸಿದ್ಧ ಚಿತ್ರದ ಗತಿಯನ್ನು ನೋಡಬಹುದು. ಅದರ ನಾಯಕನು ಲೋಕದ ಮೂಲೆಮೂಲೆಗಳಿಂದ ಮೂರ್ತಿಗಳನ್ನು, ಕಲಾವಸ್ತುಗಳನ್ನು ತರಿಸಿ ಅರಮನೆಯಲ್ಲಿ ತುಂಬುತ್ತಾನೆ. ಎಷ್ಟೋ ಪೆಟ್ಟಿಗೆಗಳನ್ನು ಬಿಚ್ಚಿಯೂ ನೋಡಿರುವುದಿಲ್ಲ. ಸಾಯುವಾಗ ಅವನ ಬಾಯಲ್ಲಿ ಬರುವುದು ಅವುಗಳಲ್ಲಿ ಒಂದರ ಹೆಸರೂ ಅಲ್ಲ. ಬಾಲ್ಯದಲ್ಲಿ ಹಿಮದ ಮೇಲೆ ಜಾರಿ ಆಡುತ್ತಿದ್ದ ಮರದ ಪುಟ್ಟ ಬಂಡಿಯ ಹೆಸರು. ಕೆಲಸಗಾರರು ಅದನ್ನು ಕಸವೆಂದು ಬೆಂಕಿಗೆ ಹಾಕುತ್ತಾರೆ. ಸಂಗ್ರಹದ ವ್ಯರ್ಥತೆಯನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಚಿತ್ರಗಳು ಕಡಿಮೆ. ಆದರೆ ಅದೇ ಚಿತ್ರಕ್ಕಾಗಿ ಮಾಡಿದ ಅಂಥ ಬಂಡಿಗಳಲ್ಲಿ ಒಂದನ್ನು 1982ರಲ್ಲಿ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ 60,500 ಡಾಲರ್ ಕೊಟ್ಟು ಕೊಂಡರು. ಮತ್ತೊಂದು 2025ರ ಜುಲೈ ತಿಂಗಳಲ್ಲಿ 1 ಕೋಟಿ 47 ಲಕ್ಷ 50 ಸಾವಿರ ಡಾಲರಿಗೆ ಹರಾಜಾಯಿತು. ವೈರಾಗ್ಯವನ್ನು ಬೋಧಿಸಿದ ವಸ್ತುವನ್ನೇ ರಾಗವು ಹರಾಜಿನಲ್ಲಿ ಕೊಂಡಿತು. ಮೂರ್ಛೆಯ ಶಕ್ತಿ ಅಷ್ಟು ದೊಡ್ಡದು.

ಈಗ ದೂರದರ್ಶನದ ವಿಚಾರ. ಹಳೆಯ ವಸ್ತುಗಳನ್ನು ತಂದವರಿಗೆ ತಜ್ಞರು ಅವುಗಳ ಚರಿತ್ರೆ ಮತ್ತು ಬೆಲೆಯನ್ನು ತಿಳಿಸುವ 'ಆಂಟಿಕ್ಸ್ ರೋಡ್‌ಶೋ' ಎಂಬ ಕಾರ್ಯಕ್ರಮವನ್ನು ಬ್ರಿಟನ್ನಿನ ಬಿ.ಬಿ.ಸಿ. 1979ರಲ್ಲಿ ಆರಂಭಿಸಿತು, 1997ರಿಂದ ಅಮೆರಿಕದಲ್ಲಿ ಅದರದೇ ಆವೃತ್ತಿ ನಡೆಯುತ್ತಿದೆ. 2009ರಲ್ಲಿ ಲಾಸ್ ವೇಗಾಸ್ ನಗರದ ಗಿರವಿ ಅಂಗಡಿಯೊಂದರ ಚೌಕಾಶಿಯನ್ನು ತೋರಿಸುವ 'ಪಾನ್ ಸ್ಟಾರ್ಸ್' ಬಂದಿತು; ಭಾರತದ ವೀಕ್ಷಕರೂ ಅದನ್ನು ಹಿಸ್ಟರಿ ಟಿವಿ18 ವಾಹಿನಿಯಲ್ಲಿ ಕಂಡಿದ್ದಾರೆ. 2010ರಿಂದ 2012ರವರೆಗೆ ಪ್ರಸಾರವಾದ 'ಹಾಲಿವುಡ್ ಟ್ರೆಷರ್' ಎಂಬುದು ಸಿನಿಮಾ ವಸ್ತುಗಳ ಹರಾಜು ಸಂಸ್ಥೆಯೊಂದರ ಕೆಲಸವನ್ನೇ ಕಥೆಯನ್ನಾಗಿ ಮಾಡಿತು. ಮೊದಲನೆಯದರಲ್ಲಿ ಚರಿತ್ರೆಯ ಪಾಠ ಹೆಚ್ಚು, ಎರಡನೆಯದರಲ್ಲಿ ವ್ಯಾಪಾರದ ಚಾತುರ್ಯ ಹೆಚ್ಚು, ಮೂರನೆಯದರಲ್ಲಿ ತಾರೆಯರ ಮೋಹ ಹೆಚ್ಚು ಎಂಬ ವ್ಯತ್ಯಾಸವಿದ್ದರೂ ಇವೆಲ್ಲವುಗಳ ಕಟ್ಟಡ ಒಂದೇ. ಮೊದಲು ವಸ್ತು ಬರುತ್ತದೆ, ಅನಂತರ ಅದರ ಕಥೆ, ಅನಂತರ ಅದನ್ನು ತಂದವನ ಮುಖ, ಕಟ್ಟಕಡೆಗೆ ಬೆಲೆ. ಬೆಲೆಯನ್ನು ಉಚ್ಚರಿಸುವ ಮುನ್ನ ಒಂದು ಗಳಿಗೆ ಮೌನ. ಉಚ್ಚರಿಸಿದ ಕೂಡಲೇ ಆ ಮುಖದ ಮೇಲೆ ಬೆರಗು. ಕಾರ್ಯಕ್ರಮದ ಫಲಶ್ರುತಿ ಆ ಬೆರಗೇ. ವೀಕ್ಷಕನು ಕಾದು ಕುಳಿತಿರುವುದು ಅದಕ್ಕಾಗಿ, ಜಾಹೀರಾತುದಾರನು ಹಣ ತೆರುವುದೂ ಅದಕ್ಕಾಗಿ. ಸಮಂತಭದ್ರರು ಅತಿಚಾರವೆಂದು ಹೆಸರಿಸಿದುದನ್ನು ದೂರದರ್ಶನವು ಸರಕನ್ನಾಗಿ ಮಾಡಿಕೊಂಡಿದೆ.

ವಿಸ್ಮಯದ ಎರಡು ಅರ್ಥಗಳೂ ಇಲ್ಲಿ ಕೂಡಿಬರುತ್ತವೆ. ಪರರ ಕೈಯ ವಸ್ತುವಿನ ಬೆಲೆಯನ್ನು ಕೇಳಿ ಮೊದಲು ಬೆರಗು ಹುಟ್ಟುತ್ತದೆ. ಮರುಕ್ಷಣವೇ, ಅಂಥದೇ ಹಳೆಯ ವಸ್ತುವನ್ನು ಗುಜರಿಯವನಿಗೆ ಕೊಟ್ಟುಬಿಟ್ಟ ನೆನಪಾಗಿ ಹಳಹಳಿಕೆ ಹುಟ್ಟುತ್ತದೆ. ಆ ಹಳಹಳಿಕೆಯಿಂದ ಮನೆಯ ಹಳೆಯ ಗಡಿಯಾರ, ಗ್ರಾಮಫೋನು, ಅಜ್ಜಿಯ ಪೆಟ್ಟಿಗೆ ಇವೆಲ್ಲವೂ ಹೊಸ ಕಣ್ಣಿಗೆ ಬೀಳುತ್ತವೆ. ನಿನ್ನೆಯವರೆಗೆ ನೆನಪಾಗಿದ್ದುದು ಇಂದು ದಾಸ್ತಾನಾಗುತ್ತದೆ. ಅಜ್ಜಿಯ ಪೆಟ್ಟಿಗೆಯನ್ನು ಕಂಡಾಗ ಅಜ್ಜಿ ನೆನಪಾಗದೆ ಬೆಲೆ ನೆನಪಾದರೆ ಆ ಮನೆಗೆ ಲಾಭವಾಯಿತೆನ್ನಬೇಕೆ, ನಷ್ಟವಾಯಿತೆನ್ನಬೇಕೆ? ವ್ಯಾಪಾರಿಯ ಲೆಕ್ಕಶಾಸ್ತ್ರದಲ್ಲಿ ಒಂದು ವಿವೇಕದ ನಿಯಮವಿದೆ. ವರ್ಷಾಂತ್ಯದಲ್ಲಿ ಉಳಿದ ಸರಕಿಗೆ ಕೊಂಡ ಬೆಲೆ, ಪೇಟೆಯ ಬೆಲೆ ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಪುಸ್ತಕದಲ್ಲಿ ಬರೆಯಬೇಕು; ಕೈಗೆ ಬಾರದ ಲಾಭವನ್ನು ಲಾಭವೆಂದು ಎಣಿಸಬಾರದು. ಬೆಲೆ ಹೇಳುವ ಈ ಕಾರ್ಯಕ್ರಮಗಳು ಕಲಿಸುವುದು ಇದಕ್ಕೆ ತದ್ವಿರುದ್ಧವಾದ ಲೆಕ್ಕವನ್ನು. ಮಾರದೆ, ಮಾರುವ ಯೋಚನೆಯೂ ಇಲ್ಲದೆ, ಬರಿಯ ಮಾತಿನಿಂದ ಒಬ್ಬನು ಸಿರಿವಂತನಾದಂತೆ ಭಾವಿಸಿಕೊಂಡು ಮನೆಗೆ ಮರಳುತ್ತಾನೆ. ಅಂದಿನಿಂದ ಅವನಿಗೆ ಆ ವಸ್ತುವಿನ ಕಾವಲಿನ ಚಿಂತೆ ಮಾತ್ರ ಹೊಸದಾಗಿ ಲಭಿಸಿರುತ್ತದೆ.

ನೋಡುವುದರಿಂದ ಪರಿಗ್ರಹವಾಗುವುದು ಹೇಗೆ, ಕೈಯಲ್ಲಿ ಏನೂ ಇಲ್ಲವಲ್ಲ ಎಂದು ಕೆಲವರು ಕೇಳಬಹುದು. ಇದೇ ಪ್ರಶ್ನೆಗೆ ಪೂಜ್ಯಪಾದರು ಉತ್ತರ ಕೊಟ್ಟಿದ್ದಾರೆ. ಹೊರಗಿನ ವಸ್ತು ಇಲ್ಲದಿದ್ದರೂ ಇದು ನನ್ನದೆಂಬ ಸಂಕಲ್ಪವುಳ್ಳವನು ಪರಿಗ್ರಹಿಯೇ ಎಂಬುದು ಅವರ ಅಭಿಪ್ರಾಯ. ಅನರ್ಥದಂಡಗಳ ಪಟ್ಟಿಯಲ್ಲಿ ಅಪಧ್ಯಾನ ಮತ್ತು ದುಃಶ್ರುತಿಗಳನ್ನು ಸೇರಿಸಿರುವುದೂ ಇದೇ ಕಾರಣದಿಂದ. ಯಾವ ಪ್ರಯೋಜನವೂ ಇಲ್ಲದೆ ಮನಸ್ಸನ್ನು ಕಲಕುವುದನ್ನು ಕೇಳುತ್ತ, ನೋಡುತ್ತ, ಚಿಂತಿಸುತ್ತ ಕುಳಿತರೆ ಕರ್ಮಬಂಧಕ್ಕೆ ಬೇರೆ ಸಾಮಗ್ರಿ ಬೇಕಿಲ್ಲ. 275 ಕೋಟಿಯ ಪಾದರಕ್ಷೆಯನ್ನು ಕೊಳ್ಳಬಲ್ಲವರು ಲೋಕದಲ್ಲಿ ಕೆಲವರೇ. ಅದನ್ನು ಕಂಡು ಮನಸ್ಸಿನಲ್ಲಿ ಕೊಳ್ಳುವವರಿಗೆ ಲೆಕ್ಕವಿಲ್ಲ.

ಇದಕ್ಕೆ ಪೂರ್ವಪಕ್ಷವಾಗಿ ಎರಡು ಆಕ್ಷೇಪಗಳು ಬರುತ್ತವೆ, ಎರಡೂ ಬಲವುಳ್ಳವೇ. ಧರ್ಮದಿಂದ ಗಳಿಸಿದ ಹಣದಲ್ಲಿ ಒಬ್ಬನು ಯಾರಿಗೂ ಕೇಡು ಮಾಡದ ಹಳೆಯ ಜೋಡೊಂದನ್ನು ಕೊಂಡರೆ ದೋಷವೇನು? ಜೈನ ಸಮಾಜದ ಎಷ್ಟೋ ಮನೆತನಗಳು ರತ್ನವ್ಯಾಪಾರದಿಂದ ಬಾಳುತ್ತಿಲ್ಲವೆ, ವಜ್ರದ ಬೆಲೆಯೂ ಜನರ ಮನಸ್ಸಿನಲ್ಲಿಯೇ ಅಲ್ಲವೆ? ಇದು ಮೊದಲನೆಯದು. ವಜ್ರದ ಬೆಲೆಯೂ ಮನಸ್ಸಿನಲ್ಲಿದೆಯೆಂಬುದನ್ನು ಒಪ್ಪಲೇಬೇಕು. ವ್ರತವು ವಜ್ರಕ್ಕೂ ಗಾಜಿಗೂ ಬೇರೆ ನಿಯಮ ಮಾಡಿಲ್ಲ. ಸರಕೆಂದು ತಂದು, ನ್ಯಾಯವಾದ ಲಾಭಕ್ಕೆ ಮಾರಿ, ಮಾರಿದ್ದನ್ನು ಮರೆಯುವ ವ್ಯಾಪಾರಿಗಿಂತ ಬಡವನಾಗಿಯೂ ಬಿಡಲಾರದ ಒಂದು ಹರಳಿಗೆ ಅಂಟಿಕೊಂಡವನು ಹೆಚ್ಚಿನ ಪರಿಗ್ರಹಿ. ಕೇಡಿಲ್ಲವೆಂಬ ಮಾತನ್ನಂತೂ ಪರೀಕ್ಷಿಸಿ ಆಡಬೇಕು. ಆ ಕೆಂಪು ಚಮಕಿಗಳು ಪ್ರಾಣಿಗಳ ಎಲುಬು, ಚರ್ಮಗಳಿಂದ ತೆಗೆದ ಜೆಲಟಿನ್ನಿನವು. ಪೂಜ್ಯವೆಂಬಂತೆ ಗಾಜಿನ ಪೆಟ್ಟಿಗೆಯಲ್ಲಿಟ್ಟ ಮಾತ್ರಕ್ಕೆ ಅವುಗಳ ಹುಟ್ಟು ಶುದ್ಧವಾಗುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಹನವಾದುದು. ಸಂಗ್ರಾಹಕರು ಇಲ್ಲದಿದ್ದರೆ ಚರಿತ್ರೆಯೇ ಅಳಿದುಹೋಗುತ್ತಿರಲಿಲ್ಲವೆ? ಇದರಲ್ಲಿ ಸತ್ಯವಿದೆ. 1970ರಲ್ಲಿ ಎಂ.ಜಿ.ಎಂ. ತನ್ನ ಉಗ್ರಾಣವನ್ನು ಬರಿದುಮಾಡಿದಾಗ ನಟಿ ಡೆಬ್ಬಿ ರೆನಾಲ್ಡ್ಸ್ ತಮ್ಮ ಕೈಲಾದಷ್ಟು ಉಡುಪುಗಳನ್ನು ಕೊಂಡು ಉಳಿಸಿದರು. ಅವನ್ನು ಸಾರ್ವಜನಿಕರು ನೋಡುವಂತೆ ಒಂದು ವಸ್ತುಸಂಗ್ರಹಾಲಯ ಕಟ್ಟಬೇಕೆಂಬುದು ಅವರ ಹಂಬಲ. ಲಾಸ್ ವೇಗಾಸ್‌ನಲ್ಲಿ 1990ರ ದಶಕದಲ್ಲಿ ಮಾಡಿದ ಪ್ರಯತ್ನವು ಸಾಲದಲ್ಲಿ ಮುಳುಗಿತು. 2011ರ ಜೂನ್ ತಿಂಗಳಲ್ಲಿ ಸಂಗ್ರಹವು ಹರಾಜಿಗೆ ಬಂದಾಗ, ಮರ್ಲಿನ್ ಮನ್ರೋ 1955ರ ಚಿತ್ರವೊಂದರಲ್ಲಿ ತೊಟ್ಟ ಬಿಳಿಯ ಉಡುಪೊಂದಕ್ಕೇ ಶುಲ್ಕವನ್ನು ಬಿಟ್ಟು 46 ಲಕ್ಷ ಡಾಲರ್ ಬಂದಿತು. ಅವರು 2016ರಲ್ಲಿ ತೀರಿಕೊಂಡರು. ಲಾಸ್ ಏಂಜಲೀಸ್‌ನಲ್ಲಿ ಚಲನಚಿತ್ರ ಅಕಾಡೆಮಿಯ ವಸ್ತುಸಂಗ್ರಹಾಲಯವು ತೆರೆದದ್ದು 2021ರಲ್ಲಿ. ಅಷ್ಟರಲ್ಲಿ ಅವರು ಕೂಡಿಸಿದ್ದುದು ಚದುರಿಹೋಗಿತ್ತು. ಉಳಿಸಬೇಕೆಂದವರ ಕೈಯಿಂದ ವಸ್ತುಗಳನ್ನು ಕಸಿದದ್ದು ಬೆರಗುಗೊಳಿಸುವ ಆ ಬೆಲೆಗಳೇ ಎಂಬುದನ್ನು ಗಮನಿಸಬೇಕು.

ಭಾರತದಲ್ಲಿ ದೋಷವು ಇದರ ಎದುರು ದಿಕ್ಕಿನದು. 1931ರ 'ಆಲಂ ಆರಾ' ಭಾರತದ ಮೊದಲ ವಾಕ್ಚಿತ್ರ. ಅದರ ಪ್ರತಿ ಇಂದು ಇಲ್ಲ. 1934ರ 'ಸತಿ ಸುಲೋಚನಾ' ಕನ್ನಡದಲ್ಲಿ ತೆರೆಕಂಡ ಮೊದಲ ವಾಕ್ಚಿತ್ರ. ಅದನ್ನು ನಿರ್ಮಿಸಿದವರು ಚಮನ್‌ಲಾಲ್ ಡೂಂಗಾಜಿ ಎಂಬ ವ್ಯಾಪಾರಿ, ನಿರ್ದೇಶಿಸಿದವರು ವೈ.ವಿ. ರಾವ್. ಅದರ ಪ್ರತಿಯೂ ಉಳಿದಿಲ್ಲ. ಕಪ್ಪು-ಬಿಳುಪು ಚಿತ್ರಗಳ ಸುರುಳಿಗಳಲ್ಲಿ ಇದ್ದ ಅಲ್ಪಸ್ವಲ್ಪ ಬೆಳ್ಳಿಗಾಗಿ ಎಷ್ಟೋ ಚಿತ್ರಗಳನ್ನು ಕರಗಿಸಿ ಮಾರಲಾಯಿತು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಸ್ಥಾಪನೆಯಾಗಿ, ಪಿ.ಕೆ. ನಾಯರ್ ಅವರು ಊರೂರು ಅಲೆದು ಡಬ್ಬಿಗಳನ್ನು ಕೂಡಿಸದೆ ಹೋಗಿದ್ದರೆ ಫಾಲ್ಕೆಯವರ ಚಿತ್ರಗಳಲ್ಲಿ ಉಳಿದಿರುವ ಭಾಗಗಳೂ ಉಳಿಯುತ್ತಿದ್ದವೋ ಇಲ್ಲವೋ. ಗಾಜನ್ನು ಮಾಣಿಕ್ಯವೆಂದು ಪೂಜಿಸುವುದು ಒಂದು ಅವಿವೇಕವಾದರೆ, ಒಂದು ಕಾಲದ ಜನರ ದನಿ-ಮುಖಗಳನ್ನು ತೊಲೆ ಬೆಳ್ಳಿಗಾಗಿ ಕರಗಿಸುವುದು ಇನ್ನೊಂದು. ಎರಡಕ್ಕೂ ಮೂಲ ಒಂದೇ. ವಸ್ತುವನ್ನು ಅದರ ಬೆಲೆಯ ಮೂಲಕವಲ್ಲದೆ ಬೇರೆ ರೀತಿಯಲ್ಲಿ ನೋಡಲಾರದ ದೃಷ್ಟಿ. ಆದುದರಿಂದ ಕೂಡಿಸುವುದು ತಪ್ಪು, ಬಿಸಾಡುವುದು ಸರಿ ಎಂದು ಈ ವಿಚಾರದ ತಾತ್ಪರ್ಯವಲ್ಲ. ಯಾರಿಗಾಗಿ ಕೂಡಿಸುವುದು ಎಂಬುದೇ ನಿಜವಾದ ಪ್ರಶ್ನೆ.

ಈ ಪ್ರಶ್ನೆಗೆ ಜೈನ ಪರಂಪರೆಯಲ್ಲಿಯೇ ಉತ್ತರವಿದೆ. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಆಕೆಗೆ ಬೇಕಿದ್ದರೆ ಕವಿಯ ಕೈಬರಹದ ಒಂದೇ ಪ್ರತಿಯನ್ನು ರೇಷ್ಮೆಯಲ್ಲಿ ಸುತ್ತಿ ಅಪೂರ್ವವೆಂದು ಇಟ್ಟುಕೊಳ್ಳಬಹುದಾಗಿತ್ತು. ಆಕೆ ಮಾಡಿದ್ದು ಅದರ ಅಪೂರ್ವತೆಯನ್ನು ಕಳೆಯುವ ಕೆಲಸ; ಸಾವಿರ ಪ್ರತಿಗಳಾದ ಮೇಲೆ ಒಂದು ಪ್ರತಿಗೆ ಹರಾಜಿನ ಬೆಲೆ ಬಾರದು, ಕಾವ್ಯವು ಮಾತ್ರ ಬಾಳುತ್ತದೆ. ಸಂಗ್ರಾಹಕನ ದಾರಿ ಮತ್ತು ದಾನಿಯ ದಾರಿ ಬೇರೆಯಾಗುವುದು ಇಲ್ಲಿಯೇ. ಮೂಡಬಿದಿರೆಯ ಸಿದ್ಧಾಂತ ಬಸದಿಯ ಧವಲ, ಜಯಧವಲ, ಮಹಾಧವಲ ಗ್ರಂಥಗಳ ಕಥೆಯನ್ನೂ ಪ್ರಾಮಾಣಿಕವಾಗಿ ನೆನೆಯಬೇಕು. ಹಳಗನ್ನಡ ಲಿಪಿಯ ಆ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದವರಿಗೆ ಸಮಾಜವು ಎಂದೆಂದಿಗೂ ಋಣಿ. ಆದರೆ ಬಹುಕಾಲ ಅವು ದರ್ಶನಕ್ಕೆ ಮಾತ್ರ ಮೀಸಲಾಗಿದ್ದು, ಓದುವವರ ಕೈಗೆ ಎಟುಕದೆ ಇದ್ದುವು ಎಂಬುದೂ ಸತ್ಯ. ಕಾಪಾಡುವುದರಲ್ಲಿಯೇ ತೃಪ್ತಿ ಬಂದರೆ ಶಾಸ್ತ್ರವೂ ವಸ್ತುವಾಗಿಬಿಡುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಪ್ರತಿ ಮಾಡುವ ಕಾರ್ಯವು ದಶಕಗಳ ಕಾಲ ನಡೆದು, ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲಾ ಸಹಿತ ಷಟ್ಖಂಡಾಗಮದ ಮೊದಲ ಸಂಪುಟವು 1939ರಲ್ಲಿ ಅಮರಾವತಿಯಿಂದ ಹೊರಬಂದಾಗ ಆ ಕಾವಲಿಗೆ ಸಾರ್ಥಕತೆ ಬಂದಿತು. ಆ ಕೆಂಪು ಪಾದರಕ್ಷೆಗಳ ಮತ್ತೊಂದು ಜೋಡಿಯನ್ನೂ 1979ರಲ್ಲಿ ಯಾರೋ ಹೆಸರು ಹೇಳದೆ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಒಪ್ಪಿಸಿದರು. ಇಂದಿಗೂ ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ಪ್ರವೇಶಶುಲ್ಕವಿಲ್ಲ. ಅದನ್ನು ಕೊಟ್ಟವರ ಹೆಸರನ್ನು ಯಾವ ಕಾರ್ಯಕ್ರಮವೂ ಕೊಂಡಾಡಲಿಲ್ಲ. ವಿಸ್ಮಯಕ್ಕೆ ಎಡೆಯಿಲ್ಲದಂತೆ ಕೊಟ್ಟ ದಾನವದು.

ಪರದೇಶದ ಹರಾಜುಗಳನ್ನು ವಿಮರ್ಶಿಸುವಾಗ ಸಮಾಜವು ತನ್ನ ಕಡೆಗೂ ಕನ್ನಡಿ ಹಿಡಿಯುವುದು ನ್ಯಾಯ. ಪಂಚಕಲ್ಯಾಣ, ಅಭಿಷೇಕ ಮೊದಲಾದ ಮಹೋತ್ಸವಗಳಲ್ಲಿ ಮೊದಲ ಕಲಶದ ಸೌಭಾಗ್ಯಕ್ಕಾಗಿ ಬೋಲಿ ಅಥವಾ ಸವಾಲು ನಡೆಯುತ್ತದೆ. ಇದಕ್ಕೂ ಮೇಲೆ ಹೇಳಿದ ಹರಾಜಿಗೂ ದೊಡ್ಡ ವ್ಯತ್ಯಾಸವಿದೆ. ಸವಾಲಿನಲ್ಲಿ ಗೆದ್ದವನು ಮನೆಗೆ ಏನನ್ನೂ ಒಯ್ಯುವುದಿಲ್ಲ. ಹಣವು ಧರ್ಮಕಾರ್ಯಕ್ಕೆ ಸಲ್ಲುತ್ತದೆ. ಕಲಶದ ನೀರು ಬಿಂಬದ ಮೇಲಿಂದ ಹರಿದುಹೋಗುತ್ತದೆ. ಅದು ತ್ಯಾಗದ ಕ್ರಿಯೆ. ಆದರೆ ಮೊತ್ತವು ಏರಿದಂತೆಲ್ಲ ಸಭೆಯಲ್ಲಿ ಕರತಾಡನವು ಏರುತ್ತ, ಮನೆಗೆ ಮರಳಿದವರ ಬಾಯಲ್ಲಿ ಭಗವಂತನ ಶಾಂತಮುದ್ರೆಯ ಬದಲು ಅಂಕಿಯೊಂದೇ ಉಳಿದರೆ, ದಾನಿಯ ತ್ಯಾಗಕ್ಕೆ ಕುಂದಿಲ್ಲದಿದ್ದರೂ ಸಭೆಗೆ ವಿಸ್ಮಯವೆಂಬ ಅತಿಚಾರವು ಅಂಟಿತೆಂದೇ ತಿಳಿಯಬೇಕು. ಜಿನಬಿಂಬವು ಶಿಲೆಯ ಬೆಲೆಯಿಂದಲೋ ಪ್ರಾಚೀನತೆಯ ಅಗ್ಗಳಿಕೆಯಿಂದಲೋ ಪೂಜ್ಯವಾದುದಲ್ಲ. ಅದು ಯಾವ ವಸ್ತುವನ್ನೂ ಹಿಡಿಯದ ಕೈಗಳ ಸ್ಥಾಪನೆ. ಅದರ ಎದುರಿನಲ್ಲಿ ಅಂಕಿಗೆ ಬೆರಗಾಗುವುದು ಎಷ್ಟು ವಿಪರೀತ!

ಗೃಹಸ್ಥನು ಎಲ್ಲವನ್ನೂ ತ್ಯಜಿಸಬೇಕೆಂದು ಶ್ರಾವಕಾಚಾರವು ಎಲ್ಲಿಯೂ ವಿಧಿಸಿಲ್ಲ. ಮಿತಿಯನ್ನು ಮಾತ್ರ ಕೇಳಿದೆ. ನೆನಪಿನ ವಸ್ತುಗಳ ವಿಷಯದಲ್ಲಿಯೂ ಈ ಮಿತಿ ಸಾಧ್ಯ. ಒಂದು ವಸ್ತುವನ್ನು ಇಟ್ಟುಕೊಳ್ಳುವ ಮುನ್ನ, ಇದರ ಬೆಲೆ ನಾಳೆ ಶೂನ್ಯವಾದರೂ ಇದು ಮನೆಯಲ್ಲಿರಬೇಕೆ ಎಂದು ಕೇಳಿಕೊಳ್ಳಬಹುದು. ಹೌದೆಂದಾದರೆ ಅದು ನೆನಪು, ಅಲ್ಲವೆಂದಾದರೆ ಅದು ಸರಕು. ಸರಕಾದರೆ ಪರಿಮಾಣದ ಲೆಕ್ಕಕ್ಕೆ ಸೇರಿಸಬೇಕು. ಹತ್ತು ಜನರಿಗೆ ಉಪಯೋಗವಾಗುವಂಥದಾದರೆ, ಅದು ಹಳೆಯ ಛಾಯಾಚಿತ್ರವಾಗಿರಲಿ, ನಾಟಕದ ಹಸ್ತಪ್ರತಿಯಾಗಿರಲಿ, ಚಿತ್ರದ ಸುರುಳಿಯಾಗಿರಲಿ, ಬದುಕಿರುವಾಗಲೇ ಗ್ರಂಥಭಂಡಾರಕ್ಕೋ ಸಂಗ್ರಹಾಲಯಕ್ಕೋ ಒಪ್ಪಿಸುವುದು ಶಾಸ್ತ್ರದಾನಕ್ಕೆ ಸಮೀಪವಾದ ಪುಣ್ಯ. ದೂರದರ್ಶನದ ಮುಂದೆ ಕುಳಿತಾಗ ವಸ್ತುವಿನ ಕಥೆಯನ್ನು ಕೇಳಿ, ಬೆಲೆಯನ್ನು ಹೇಳುವ ಮೊದಲೇ ಎದ್ದುಹೋಗಬಲ್ಲವನು ಕಥೆಯಿಂದ ಜ್ಞಾನವನ್ನು ಪಡೆದನು, ಅತಿಚಾರದಿಂದ ಪಾರಾದನು. ಎದ್ದುಹೋಗಲಾರದೆ ಬೆಲೆಗಾಗಿ ಕಾಯುವವನು, ತಾನು ಕಾಯುತ್ತಿರುವುದು ಏತಕ್ಕೆಂದು ಅರಿತುಕೊಂಡರೂ ಅಷ್ಟರಮಟ್ಟಿಗೆ ಲಾಭವೇ.

ಗಾಜನ್ನು ಗಾಜೆಂದು ಕಾಣುವುದು ಸಮ್ಯಗ್ಜ್ಞಾನದ ಮೊದಲ ಮೆಟ್ಟಿಲು. ಆ ಕಳ್ಳನು ಗಾಜನ್ನು ಗಾಜೆಂದು ತಿಳಿದಾಗ ನಿರಾಶನಾದನು, ಏಕೆಂದರೆ ಅವನಿಗೆ ಮಾಣಿಕ್ಯ ಬೇಕಿತ್ತು. ಶ್ರಾವಕನಿಗೆ ಅದೇ ತಿಳಿವಳಿಕೆಯಿಂದ ಬಿಡುಗಡೆಯ ನೆಮ್ಮದಿ ದೊರೆಯಬೇಕು. ಮನೆಯಲ್ಲಿ ಏನಿದೆಯೆಂಬ ಎಣಿಕೆಯೊಡನೆ ಮನಸ್ಸು ಏತಕ್ಕೆ ಬೆರಗಾಗುತ್ತಿದೆಯೆಂಬ ಎಣಿಕೆಯನ್ನೂ ಇಟ್ಟಾಗಲೇ ಪರಿಗ್ರಹ ಪರಿಮಾಣ ವ್ರತವು ಪೂರ್ಣವಾಗುತ್ತದೆ.